ಹಗೆ ಬಿಟ್ಟವರು, ಹಗೆಯಿಂದ ಕೆಟ್ಟವರು

ಅಮೆರಿಕ ಮತ್ತು ಚೀನಾ ಪೈಪೋಟಿಯ ಅಪನಂಬಿಕೆ ಈಗ ಎರಡೂ ದೇಶಗಳ ಜನಸಾಮಾನ್ಯರ ಮನಸ್ಸಿಗೂ ಇಳಿದಿರುವುದು ಕಳವಳಕಾರಿ. ಬೇಲೂರು, ಹಳೇಬೀಡಿನ ಹೊಯ್ಸಳರ ಇತಿಹಾಸ ಇಲ್ಲಿ ನೆನಪಾಗಬೇಕು. 1116ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದ. ಮರುವರ್ಷ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾಯಿತು. ಮುಂದೆ ಅದೇ ವಂಶದ ಇಮ್ಮಡಿ ನರಸಿಂಹ, ಸೆರೆಯಾಗಿದ್ದ ಚೋಳ ದೊರೆ ಮುಮ್ಮಡಿ ರಾಜರಾಜನನ್ನು ಬಿಡಿಸಿ ‘ಚೋಳರಾಜ್ಯ ಪ್ರತಿಷ್ಠಾಚಾರ್ಯ’ ಎನಿಸಿಕೊಂಡ. ದೇವಗಿರಿಯ ಸೇವುಣರೊಂದಿಗಿನ ಹಗೆ ಮಾತ್ರ ಆರಲಿಲ್ಲ. 1311ರಲ್ಲಿ ದೆಹಲಿಯ ಸೇನಾನಿ ಮಲಿಕ್ ಕಾಫರ್ ಹಳೇಬೀಡಿನ ಮೇಲೆ ಬಿದ್ದಾಗ ದೇವಗಿರಿ ಅವನಿಗೆ ನೆರವಾಯಿತು. ಕೆಲವೇ ವರ್ಷಗಳಲ್ಲಿ ದೇವಗಿರಿಯನ್ನೂ ದೆಹಲಿಯೇ ನುಂಗಿತು. ಎದುರಾಳಿ ದೇಶದ ಜನರನ್ನೇ ಶತ್ರುಗಳೆಂದು ಬಿಂಬಿಸುವುದನ್ನು ಬಲಿಷ್ಠ ರಾಷ್ಟ್ರಗಳ ನಾಯಕರು ನಿಲ್ಲಿಸಲಿ. ಮಾತುಕತೆ ಎಂದೂ ನಿಲ್ಲದಿರಲಿ.