ಭಾಲ್ಕಿಯ 'ಲ್ಕಿ' ಒಡೆದರೆ ತಪ್ಪು ಲೇಸರ್‌ದಲ್ಲ

ಲೇಸರ್ ಕಟಿಂಗ್ ಸಾಫ್ಟ್‌ವೇರ್‌ನಲ್ಲಿ 'ಕಮಲನಗರ' ಅಂತ ಟೈಪ್ ಮಾಡಿದರೆ ತಕರಾರಿಲ್ಲ. ಆ ಹೆಸರಲ್ಲಿ ಒಂದೂ ಒತ್ತಕ್ಷರ ಇಲ್ಲ. 'ಭಾಲ್ಕಿ' ಅಂತ ಬರೆದು ನೋಡ್ರಿ. ಯೂನಿಕೋಡ್ ಕನ್ನಡ ಗೊತ್ತಿರದ ಸಾಫ್ಟ್‌ವೇರ್‌ನಲ್ಲಿ 'ಲ್' ಬೇರೆ, 'ಕಿ' ಬೇರೆ ಆಗಿ ನಿಲ್ಲುತ್ತವೆ. ಆಗ ಕೇಳಿಬರುವ ಮಾತು ಒಂದೇ: "ಕನ್ನಡ ಸರಿ ಬರಂಗಿಲ್ರಿ, ಇಂಗ್ಲಿಷ್‌ನಾಗೇ ಹಾಕೋಣ."

ಈ ಮಾತನ್ನು ನಾವು ಒಪ್ಪುವುದಿಲ್ಲ. 2024ರ ತಿದ್ದುಪಡಿ ಕಾಯ್ದೆ ಪ್ರಕಾರ ಅಂಗಡಿ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಆದರೆ ಕಾಯ್ದೆ ಅಕ್ಷರ ಕತ್ತರಿಸಿ ಕೊಡುವುದಿಲ್ಲ. ಕನ್ನಡ, ಮರಾಠಿ, ಉರ್ದು ಮೂರೂ ಮಾತಾಡುವ ಕಮಲನಗರದಂಥ ಗಡಿ ಊರಲ್ಲಿ ಕನ್ನಡ ಚೆಂದ ಕಾಣದಿದ್ದರೆ ಯಾರೂ ಅದನ್ನು ಪ್ರೀತಿಯಿಂದ ಹಾಕಿಸೋದಿಲ್ಲ. ಇದು ಎಂಜಿನಿಯರಿಂಗ್ ಓದುವ ನಮ್ಮ ಕೆಲಸ.

ಮೊದಲು ಫೈಲ್. ಇಂಕ್‌ಸ್ಕೇಪ್‌ನಲ್ಲಿ ಅಕ್ಷರ ಜೋಡಿಸಿ, 'ಆಬ್ಜೆಕ್ಟ್ ಟು ಪಾತ್' ಮಾಡಿ ಕಳಿಸಿ. ಆಮೇಲೆ ಅದು ಬರೀ ಗೆರೆ. ಒತ್ತು ಒಡೆಯುವ ಮಾತೇ ಇಲ್ಲ. 'ಬಲೂ ತಮ್ಮ'ದಂಥ ದಪ್ಪ ಫಾಂಟ್ ಆರಿಸಿದರೆ ಸಣ್ಣ ಒತ್ತೂ ಗಟ್ಟಿ ಉಳಿಯುತ್ತದೆ.

ಎರಡನೆಯದು, ಅಕ್ರಿಲಿಕ್. ಸ್ಟೆನ್ಸಿಲ್ ಕತ್ತರಿಸುವಾಗ 'ರ'ದ ಹೊಟ್ಟೆ, ಸೊನ್ನೆಯ ನಡುಭಾಗ ಉದುರಿ ಬೀಳುತ್ತವೆ. ಅಲ್ಲಿ 2 ಮಿ.ಮೀ. ಸೇತುವೆ ಬಿಡಬೇಕು. ಅಕ್ಷರವನ್ನೇ ಬಿಡಿಯಾಗಿ ಕತ್ತರಿಸಿದರೆ ಒತ್ತು ಬೇರೆ ತುಂಡಾಗುತ್ತದೆ. ಅದಕ್ಕೆ ಹಿಂದೊಂದು ಹಲಗೆ ಬೇಕು. ಬಿಳಿಯಾಗಿ ಎದ್ದು ಕಾಣುವ ಕೆತ್ತನೆಗೆ ಕಾಸ್ಟ್ ಅಕ್ರಿಲಿಕ್ ಒಳ್ಳೇದು; ಎಕ್ಸ್‌ಟ್ರೂಡೆಡ್‌ನಲ್ಲಿ ಕೆತ್ತನೆ ಮಂಕು. ಪಾರದರ್ಶಕ ಹಾಳೆಗೆ ಸಿಒ2 ಲೇಸರ್ ಬೇಕು. ನೀಲಿ ಡಯೋಡ್‌ನ ಬೆಳಕು ಅದರೊಳಗಿಂದ ಹಾಯ್ದು ಹೋಗುತ್ತದೆ. ಅಕ್ರಿಲಿಕ್ ಹೊತ್ತಿಕೊಳ್ಳುವ ವಸ್ತು. ಗಾಳಿ ಊದುವ ಪಂಪ್ ಚಾಲೂ ಇರಲಿ, ಯಂತ್ರ ಬಿಟ್ಟು ಚಹಾಕ್ಕೆ ಹೋಗಬೇಡಿ.

ಮೂರನೆಯದು, ಚರ್ಮ. ಗಿಡದ ತೊಗಟೆಯಿಂದ ಹದ ಮಾಡಿದ ಚರ್ಮದ ಮೇಲೆ ಕೆತ್ತನೆ ಚೆನ್ನಾಗಿ ಮೂಡುತ್ತದೆ. ಕ್ರೋಮ್ ಹಾಕಿ ಹದ ಮಾಡಿದ್ದರ ಹೊಗೆ ಅಪಾಯಕಾರಿ, ಅದನ್ನು ಬಿಟ್ಟುಬಿಡಿ. ಪವರ್ ಕಡಿಮೆ ಇಡಿ, ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ಇಲ್ಲದಿದ್ದರೆ ಒತ್ತಿನ ಸಂದುಗಳೆಲ್ಲ ಮಸಿಯಾಗುತ್ತವೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ: ಪಿವಿಸಿ ಬಳಿದ ರೆಕ್ಸಿನ್ ಅನ್ನು ಚರ್ಮ ಅಂತ ಯಂತ್ರಕ್ಕೆ ಹಾಕಬಾರದು. ಅದು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಅದು ಪುಪ್ಪುಸಕ್ಕೂ ಕೆಟ್ಟದ್ದು, ಯಂತ್ರಕ್ಕೂ ತುಕ್ಕು. ಅನುಮಾನ ಇದ್ದರೆ ಬಯಲಲ್ಲಿ ಚೂರೊಂದನ್ನು ಪರೀಕ್ಷಿಸಿ: ಕಾಯಿಸಿದ ತಾಮ್ರದ ತಂತಿಯನ್ನು ಅದಕ್ಕೆ ಮುಟ್ಟಿಸಿ, ಮತ್ತೆ ಬೆಂಕಿಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ ಎಂದರ್ಥ, ಅದನ್ನು ಯಂತ್ರದ ಹತ್ತಿರ ತರಬೇಡಿ.

ನಮ್ಮ ಸಂಘದವರಿಗೆ ಒಂದು ಸಲಹೆ. ಜಿಲ್ಲೆಯ ಊರುಗಳ ಹೆಸರು, 'ಕಿರಾಣಿ ಅಂಗಡಿ', 'ವೈದ್ಯರು', 'ತಾಲ್ಲೂಕು ಕಚೇರಿ' ಇಂಥ ಪದಗಳನ್ನು ಪಾತ್ ಮಾಡಿ, ಕತ್ತರಿಸಿ ನೋಡಿ, ಸರಿಬಂದ ಫೈಲ್‌ಗಳನ್ನು ಎಲ್ಲರಿಗೂ ಪುಕ್ಕಟೆ ಕೊಡೋಣ. "ಕನ್ನಡ ಬರಂಗಿಲ್ಲ" ಅನ್ನುವವರ ಕೈಗೆ ಪೆನ್‌ಡ್ರೈವ್ ಕೊಡೋದು, ವಾದಕ್ಕಿಂತ ಬೇಗ ಕೆಲಸ ಮಾಡ್ತದ.