ವೃದ್ಧಾಪ್ಯ ಹಾಗೂ ವಿಕಲಚೇತನರ ಮಾಸಾಶನದ ಅರ್ಹತಾ ನಿಯಮಗಳನ್ನು ಪರಿಷ್ಕರಿಸಲು ಕೋರಿ ಮನವಿ ಪತ್ರ

ಇವರಿಗೆ: ಪ್ರಧಾನ ಕಾರ್ಯದರ್ಶಿಗಳು, ಕಂದಾಯ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು
ಪ್ರತಿ: ನಿರ್ದೇಶಕರು, ಸಾಮಾಜಿಕ ಭದ್ರತೆ ಮತ್ತು ಪಿಂಚಣಿ ನಿರ್ದೇಶನಾಲಯ

ಕರ್ನಾಟಕದಲ್ಲಿ ದುಡಿಯುವ ಶಕ್ತಿ ಕುಂದಿದವರಿಗೆ ಸರ್ಕಾರದ ತಿಂಗಳ ಹಣ ಮುಖ್ಯವಾಗಿ ಮೂರು ದಾರಿಗಳಲ್ಲಿ ಬರುತ್ತದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮಕ್ಕೆ ಸೇರಿದ ಇಂದಿರಾ ಗಾಂಧಿ ವೃದ್ಧಾಪ್ಯ ವೇತನ 60 ತುಂಬಿದ ಬಡವರಿಗೆ. ರಾಜ್ಯವೇ 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ 65 ತುಂಬಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು ಮತ್ತು ಅಸಂಘಟಿತ ಕಾರ್ಮಿಕರಿಗೆ. ಅಂಗವೈಕಲ್ಯ ಶೇ 40ಕ್ಕೆ ಕಡಿಮೆಯಿಲ್ಲದವರಿಗೆ ಅಂಗವಿಕಲ ವೇತನ. ಮೂರಕ್ಕೂ ಅರ್ಜಿ ಕೊಡುವ ಜಾಗ ಒಂದೇ, ನಾಡಕಚೇರಿ. ಮಂಜೂರಾತಿಗೆ ಸಹಿ ಹಾಕುವ ಕೈಯೂ ಒಂದೇ, ತಹಶೀಲ್ದಾರರದು. ನಿಯಮಗಳು ಮಾತ್ರ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಲೆಕ್ಕಾಚಾರದಲ್ಲಿ ಹುಟ್ಟಿದವು.

ಸಂವಿಧಾನದ 41ನೇ ವಿಧಿ ವೃದ್ಧಾಪ್ಯ, ಕಾಯಿಲೆ ಮತ್ತು ಅಂಗವೈಕಲ್ಯದ ಸಂದರ್ಭಗಳಲ್ಲಿ ಸಾರ್ವಜನಿಕ ನೆರವು ಒದಗಿಸುವ ಹೊಣೆಯನ್ನು ಪ್ರಭುತ್ವದ ಮೇಲೆ ಇಟ್ಟಿದೆ. 1995ರ ಆಗಸ್ಟ್ 15ರಂದು ನೆರವು ಕಾರ್ಯಕ್ರಮ ಆರಂಭವಾದದ್ದು ಆ ವಿಧಿಯ ಹೆಸರಿನಲ್ಲೇ. ಆದರೆ ಈ ಹೊಣೆ ಒಬ್ಬ ಅಜ್ಜಿಯ ಖಾತೆಗೆ ಹಣವಾಗಿ ಇಳಿಯಬೇಕಾದರೆ ನಡುವೆ ಆದಾಯ ಪ್ರಮಾಣಪತ್ರ, ವಯಸ್ಸಿನ ದಾಖಲೆ, ವೈದ್ಯಕೀಯ ಮಂಡಳಿಯ ಶೇಕಡಾವಾರು, ಆಧಾರ್ ಜೋಡಣೆ ಎಂಬ ನಾಲ್ಕು ಬಾಗಿಲುಗಳಿವೆ. ಮಾಸಾಶನದ ಮೊತ್ತ ಸಾಲದು ಎಂಬ ದೂರು ಹಳೆಯದು, ನ್ಯಾಯವಾದದ್ದು. ಬಾಗಿಲ ಹೊರಗೇ ಉಳಿದವರಿಗೆ ಮೊತ್ತ ಎಷ್ಟಾದರೇನು? ಹಾಗಾಗಿ ಈ ಮನವಿ ಬಾಗಿಲುಗಳಿಂದ ಆರಂಭವಾಗುತ್ತದೆ.

ಆದಾಯ ಮಿತಿ

ಮಾಸಾಶನಕ್ಕೆ ಅರ್ಹರಾಗಲು ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದು. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಇದು ಗಂಡ ಹೆಂಡತಿ ಇಬ್ಬರ ಒಟ್ಟು ಆದಾಯ. ಭಾಗಿಸಿದರೆ ಇಬ್ಬರಿಗೂ ಸೇರಿ ದಿನಕ್ಕೆ ಸುಮಾರು 88 ರೂಪಾಯಿ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಕಾನೂನು ಕೊಟ್ಟ ಭರವಸೆಯಂತೆ ಒಂದು ಕುಟುಂಬಕ್ಕೆ ಆ ವರ್ಷ 100 ದಿನ ಕೆಲಸ ಸಿಕ್ಕಿದ್ದರೆ ಕೂಲಿಯೇ 34,900 ರೂಪಾಯಿ. ಅಂದರೆ ಸರ್ಕಾರದ ಒಂದು ಯೋಜನೆ ತನ್ನ ಮಾತು ಪೂರ್ತಿ ಉಳಿಸಿಕೊಂಡರೆ, ಸರ್ಕಾರದ ಇನ್ನೊಂದು ಯೋಜನೆ ಆ ದಂಪತಿಯನ್ನು ಶ್ರೀಮಂತರೆಂದು ಹೊರಗಿಡುತ್ತದೆ. 65 ದಾಟಿದ ಮೇಲೂ ಬಿಸಿಲಲ್ಲಿ ಬದು ಹಾಕಲು ಹೋಗುವವರು ಯಾವ ಸಿರಿಗೆ ಹೋಗುತ್ತಾರೆಂಬುದು ಊರಿಗೆಲ್ಲ ಗೊತ್ತಿರುವ ವಿಷಯ.

ಇದೇ ರಾಜ್ಯದಲ್ಲಿ ಬಿಪಿಎಲ್ ಪಡಿತರ ಚೀಟಿಗೆ ಆದಾಯ ಮಿತಿ 1.20 ಲಕ್ಷ ರೂಪಾಯಿ. ಅಕ್ಕಿ ಕೊಡುವಾಗ ಬಡವರಾದವರು ಮಾಸಾಶನ ಕೇಳುವಾಗ ಬಡವರಲ್ಲದಾಗುವುದಕ್ಕೆ ಯಾವ ಆದೇಶದಲ್ಲೂ ಒಪ್ಪುವಂಥ ಕಾರಣವಿಲ್ಲ. ಪಡಿತರ ಚೀಟಿಯ ಆದಾಯ ಇಡೀ ಕುಟುಂಬದ್ದು, ಮಾಸಾಶನದ್ದು ದಂಪತಿಯದು ಎಂಬ ವ್ಯತ್ಯಾಸ ನಿಜ. ಆ ವ್ಯತ್ಯಾಸಕ್ಕೆ ಎಷ್ಟು ಬೆಲೆ ಕಟ್ಟಿದರೂ ನಾಲ್ಕು ಪಟ್ಟಿಗೆ ಹತ್ತಿರದ ಅಂತರವನ್ನು ಅದು ಸಮರ್ಥಿಸುವುದಿಲ್ಲ.

ಈ ಮಿತಿಯಿಂದ ಆಗುವ ದೊಡ್ಡ ಹಾನಿ ಅಂಕಿಯಲ್ಲಿ ಕಾಣುವುದಿಲ್ಲ. ದಿನಕ್ಕೆ 88 ರೂಪಾಯಿಯಲ್ಲಿ ಇಬ್ಬರು ಬದುಕಿರುವುದು ಅಸಾಧ್ಯವಾದ್ದರಿಂದ, ನಿಜವಾದ ಆದಾಯ ಬರೆದರೆ ಯಾರೂ ಅರ್ಹರಾಗುವುದಿಲ್ಲ. ಹೀಗಾಗಿ ಸ್ಥಳ ಪರಿಶೀಲನೆಗೆ ಬರುವ ಗ್ರಾಮ ಆಡಳಿತ ಅಧಿಕಾರಿ ಕರುಣೆಯುಳ್ಳವರಾದರೆ ಕಡಿಮೆ ಬರೆಯುತ್ತಾರೆ. ನಿಷ್ಠುರರಾದರೆ ಇದ್ದದ್ದು ಬರೆದು ಅರ್ಜಿ ಮುಚ್ಚುತ್ತಾರೆ. ಇಬ್ಬರ ನಡುವೆ ಮಧ್ಯವರ್ತಿಗೆ ಜಾಗ ಸಿಗುತ್ತದೆ. ಮುಂದೊಂದು ದಿನ ಅನರ್ಹರ ಪತ್ತೆ ಎಂದು ಪಟ್ಟಿ ತಿರುವಿ ಹಾಕಿದಾಗ ಯಾರ ಹೆಸರನ್ನು ಬೇಕಾದರೂ ತೆಗೆಯಬಹುದು, ಯಾಕೆಂದರೆ ಎಲ್ಲರ ಪ್ರಮಾಣಪತ್ರವೂ ಅಷ್ಟೇ ಸುಳ್ಳು. ಹಕ್ಕಾಗಿ ಸಿಗಬೇಕಾದದ್ದು ಹೀಗೆ ಬರೆಯುವವರ ಕೃಪೆಯಾಗಿ ಮಾರ್ಪಟ್ಟಿದೆ.

ಆದ್ದರಿಂದ ಮೊದಲ ಬೇಡಿಕೆ: ಆದಾಯ ಮಿತಿಯನ್ನು 1.20 ಲಕ್ಷಕ್ಕೆ ಏರಿಸಬೇಕು. ಬಿಪಿಎಲ್ ಅಥವಾ ಅಂತ್ಯೋದಯ ಚೀಟಿ ಇದ್ದವರಿಂದ ಬೇರೆ ಆದಾಯ ಪ್ರಮಾಣಪತ್ರ ಕೇಳಬಾರದು. ಆದಾಯಕ್ಕೆ ಯಾವುದನ್ನು ಸೇರಿಸಬಾರದು ಎಂಬುದನ್ನೂ ಆದೇಶದಲ್ಲೇ ಬರೆಯಬೇಕು. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ವರ್ಷಕ್ಕೆ 24,000 ಆಗುತ್ತದೆ. ದಂಪತಿ ಇಬ್ಬರಿಗೂ 1,200ರಂತೆ ಸಂಧ್ಯಾ ಸುರಕ್ಷಾ ಬಂದರೆ ವರ್ಷಕ್ಕೆ 28,800. ಎರಡನ್ನೂ ಕೂಡಿದರೆ ಸರ್ಕಾರ ಕೊಟ್ಟ ಹಣವೇ ಸರ್ಕಾರದ ಮಿತಿಯನ್ನು ಮೀರುತ್ತದೆ. ಇಂಥ ನೆರವು ಆದಾಯವಲ್ಲ ಎಂಬ ಒಂದು ಸಾಲು ಸಾಕು.

ಸಂಧ್ಯಾ ಸುರಕ್ಷಾ ಆರಂಭವಾದಾಗ ದಂಪತಿಯ ಠೇವಣಿ 10,000 ರೂಪಾಯಿ ಮೀರಬಾರದೆಂಬ ಷರತ್ತನ್ನೂ ಇಡಲಾಗಿತ್ತು. ಹಳ್ಳಿಯ ಮುದುಕರು ಕೂಡಿಡುವ ಹಣಕ್ಕೆ ಸಾಮಾನ್ಯವಾಗಿ ಒಂದೇ ಉದ್ದೇಶ: ತಮ್ಮ ಮಣ್ಣಿಗೆ, ತಿಥಿಗೆ ಮಕ್ಕಳು ಸಾಲ ಮಾಡಬಾರದು ಎಂಬುದು. ಇಂದು ಒಂದು ಅಂತ್ಯಕ್ರಿಯೆಯೇ 10,000 ರೂಪಾಯಿಯಲ್ಲಿ ಮುಗಿಯುವುದಿಲ್ಲ. ಈ ಷರತ್ತನ್ನು ಪೂರ್ತಿ ಕೈಬಿಡಬೇಕು.

ವಯಸ್ಸು

ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಇಂದು ವೃದ್ಧಾಪ್ಯ ವೇತನ ಕೇಳುವವರೆಲ್ಲ ಅದಕ್ಕೂ ಮೊದಲು ಹುಟ್ಟಿದವರು. ಶಾಲೆಗೆ ಹೋದವರ ವಯಸ್ಸನ್ನು ಮೇಷ್ಟರು ಅಂದಾಜಿನಲ್ಲಿ ಬರೆದಿದ್ದಾರೆ. ಹೋಗದವರದು ಅದೂ ಇಲ್ಲ. ಹೊಸಪೇಟೆ ಸುತ್ತಿನ ಹಿರಿಯರಿಗೆ ತುಂಗಭದ್ರಾ ಡ್ಯಾಂ ಕಟ್ಟಿದ ಕಾಲ ನೆನಪಿದೆ, ಹುಟ್ಟಿದ ತಾರೀಕು ಗೊತ್ತಿಲ್ಲ. ಆಧಾರ್ ಮಾಡಿಸುವಾಗ ಕಂಪ್ಯೂಟರ್ ಮುಂದೆ ಕೂತ ಹುಡುಗ ಮುಖ ನೋಡಿ ಹಾಕಿದ ಜನವರಿ 1 ಎಂಬ ದಿನಾಂಕವೇ ಹಲವರ ಜನ್ಮದಿನ. ಮತದಾರರ ಚೀಟಿಯಲ್ಲಿ ಒಂದು ವಯಸ್ಸು, ಪಡಿತರ ಚೀಟಿಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮೂರನೆಯದು.

ಆಧಾರ್ ಜನ್ಮದಿನಾಂಕಕ್ಕೆ ಪುರಾವೆಯಲ್ಲ ಎಂದು ಆಧಾರ್ ಪ್ರಾಧಿಕಾರವೇ ಹೇಳಿದೆ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿ ಆಧಾರ್‌ನ ವಯಸ್ಸನ್ನು ಬಿಟ್ಟು ಶಾಲಾ ದಾಖಲೆಯನ್ನು ಒಪ್ಪಿತು. ನಾಡಕಚೇರಿಯ ಗಣಕಯಂತ್ರಕ್ಕೆ ಮಾತ್ರ ಇದು ತಿಳಿದಂತಿಲ್ಲ. ದಾಖಲೆಗಳು ಒಂದಕ್ಕೊಂದು ಹೊಂದದಿದ್ದಾಗ ಅರ್ಜಿದಾರರಿಗೆ ಅನುಕೂಲವಾದ ದಾಖಲೆಯನ್ನು ಒಪ್ಪಬೇಕು. ಯಾವ ದಾಖಲೆಯೂ ಇಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಅಂದಾಜು ಮತ್ತು ಮಕ್ಕಳು, ಮೊಮ್ಮಕ್ಕಳ ವಯಸ್ಸಿನ ಆಧಾರದ ಮೇಲೆ ತಹಶೀಲ್ದಾರರು ತೀರ್ಮಾನಿಸಬೇಕು. 60 ಮತ್ತು 65 ಎಂಬ ಎರಡು ಗೆರೆಗಳ ಬದಲು ಎಲ್ಲರಿಗೂ 60 ಎಂಬ ಒಂದೇ ಗೆರೆ ಇರಬೇಕು. ಕಲ್ಲು ಒಡೆಯುವವರ, ಬೀಡಿ ಕಟ್ಟುವವರ, ಗಾರೆ ಹೊರುವವರ ದೇಹ ಕಚೇರಿ ನೌಕರರಿಗಿಂತ ತಡವಾಗಿ ಮುಪ್ಪಾಗುತ್ತದೆಂದು ಯಾರೂ ವಾದಿಸಲಾರರು.

ಅಂಗವೈಕಲ್ಯದ ಶೇಕಡಾವಾರು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಸೌಲಭ್ಯಗಳಿಗೆ ಶೇ 40ನ್ನು ಮಾನದಂಡವಾಗಿ ಇಟ್ಟಿತು. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ವೇತನ ಮಾತ್ರ ಇಂದಿಗೂ ಶೇ 80 ಕೇಳುತ್ತದೆ. ರಾಜ್ಯ ಶೇ 40ರಿಂದಲೇ ಕೊಡುತ್ತಿರುವುದು ಮೆಚ್ಚಬೇಕಾದ ವಿಷಯ. ಆದರೆ ಎಷ್ಟು ಕೊಡುತ್ತಿದೆ ಎಂದು ನೋಡಿದರೆ ಮೆಚ್ಚುಗೆ ಉಳಿಯುವುದಿಲ್ಲ.

ಅದೇ ಕಾಯ್ದೆಯ 24ನೇ ಕಲಂ, ಇತರರಿಗೆ ಇರುವ ಅಂಥದೇ ಯೋಜನೆಗಿಂತ ವಿಕಲಚೇತನರಿಗೆ ಕೊಡುವ ನೆರವು ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎನ್ನುತ್ತದೆ. 2021ರ ಜುಲೈನಲ್ಲಿ ಪ್ರಕಟವಾದ ಏರಿಕೆಯಂತೆ ಸಂಧ್ಯಾ ಸುರಕ್ಷಾ 1,200 ರೂಪಾಯಿ. ಶೇ 40ರಿಂದ 75ರವರೆಗಿನ ಅಂಗವಿಕಲ ವೇತನ 800 ರೂಪಾಯಿ. ಕಾಯ್ದೆಯ ಪ್ರಕಾರ ಎರಡನೆಯದು 1,500ಕ್ಕೆ ಕಡಿಮೆಯಾಗುವಂತಿಲ್ಲ. ವಾಸ್ತವದಲ್ಲಿ ಅದು ಹೆಚ್ಚಿರುವುದು ಹಾಗಿರಲಿ, ಮೂರನೇ ಒಂದು ಪಾಲು ಕಡಿಮೆಯಿದೆ. ಕಾಲಿಲ್ಲದ 30ರ ಯುವಕನಿಗೆ ಹೆಚ್ಚು ಹಣ ಸಿಗಬೇಕಾದರೆ ಅವನು 65 ತುಂಬುವವರೆಗೆ ಕಾಯಬೇಕು. ಈ ಮನವಿಯ ಉಳಿದ ಬೇಡಿಕೆಗಳು ಸರ್ಕಾರದ ಔದಾರ್ಯವನ್ನು ಅವಲಂಬಿಸಿವೆ ಎನ್ನಬಹುದು. ಇದು ಸಂಸತ್ತು ಮಾಡಿದ ಕಾನೂನಿನ ಪಾಲನೆ. ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಂಗವಿಕಲ ವೇತನವನ್ನು ತಕ್ಷಣ 1,500ಕ್ಕೆ ಏರಿಸಿ, ಮುಂದೆ ವೃದ್ಧಾಪ್ಯ ವೇತನ ಹೆಚ್ಚಿದಾಗಲೆಲ್ಲ ಅದೇ ಅನುಪಾತದಲ್ಲಿ ತಾನಾಗಿ ಹೆಚ್ಚುವಂತೆ ಆದೇಶಿಸಬೇಕು.

ಶೇಕಡಾವಾರು ಅಳೆಯುವುದು ದೇಹವನ್ನು, ಬದುಕನ್ನಲ್ಲ. ಒಂದು ಕಾಲು ಸೊರಗಿದ ದರ್ಜಿ ಹೊಲಿಗೆ ಯಂತ್ರದ ಮುಂದೆ ದುಡಿಯಬಲ್ಲ. ಅಷ್ಟೇ ಶೇಕಡಾವಾರು ಇರುವ ಕೃಷಿ ಕೂಲಿಯನ್ನು ಯಾರೂ ಗದ್ದೆಗೆ ಕರೆಯುವುದಿಲ್ಲ. ಮಾನಸಿಕ ಕಾಯಿಲೆಯವರು ತಪಾಸಣೆಯ ದಿನ ಶಾಂತವಾಗಿದ್ದರೆ ಶೇಕಡಾವಾರು ಇಳಿಯುತ್ತದೆ. ಜೊತೆಗೆ ಅಂಚಿನ ಸಮಸ್ಯೆ: ಶೇ 75ರ ಆಚೆಗೆ ಮೊತ್ತ ಏರುವುದರಿಂದ, ಮಂಡಳಿ ಬರೆಯುವ ಒಂದೆರಡು ಅಂಕದ ವ್ಯತ್ಯಾಸ ಜೀವನಪೂರ್ತಿ ಕಾಡುತ್ತದೆ. ಪರಿಶೀಲನಾ ವರದಿಯಲ್ಲಿ ಅರ್ಜಿದಾರರು ಮಾಡಬಲ್ಲ ಕೆಲಸ, ಅವರಿಗೆ ಬೇಕಾದ ಆರೈಕೆ, ಆರೈಕೆಗಾಗಿ ಮನೆಯಲ್ಲೇ ಉಳಿದವರ ಕೂಲಿ ನಷ್ಟ ದಾಖಲಾಗಬೇಕು. ವೈದ್ಯಕೀಯ ಮಂಡಳಿ ಜಿಲ್ಲಾಸ್ಪತ್ರೆಯಲ್ಲಿ ಕೂತು ಕಾಯುವ ಬದಲು ತಾಲ್ಲೂಕಿಗೆ ತಿಂಗಳಿಗೊಮ್ಮೆ ಬರಬೇಕು. ಹಾಸಿಗೆ ಹಿಡಿದವರ ಮನೆಗೆ ವೈದ್ಯರೇ ಹೋಗಬೇಕು. ಅಂಥವರನ್ನು ಬಾಡಿಗೆ ಆಟೋದಲ್ಲಿ ಹೊತ್ತು ತಂದು ಸಾಲಿನಲ್ಲಿ ಮಲಗಿಸುವ ದೃಶ್ಯ ಯಾವ ಇಲಾಖೆಗೂ ಶೋಭೆಯಲ್ಲ.

ಮಂಜೂರಾದ ಮೇಲೆ

ಅರ್ಹತೆ ಒಮ್ಮೆ ಸಾಬೀತಾದರೆ ಮುಗಿಯಿತು ಎಂಬುದು ಕಾಗದದ ಮಾತು. ಪೋಸ್ಟ್‌ಮ್ಯಾನ್ ಮನಿ ಆರ್ಡರ್ ತರುತ್ತಿದ್ದ ಕಾಲದಲ್ಲಿ ಹತ್ತಿಪ್ಪತ್ತು ರೂಪಾಯಿ ಮುರಿದುಕೊಳ್ಳುತ್ತಾನೆಂಬ ದೂರಿತ್ತು. ಹಣ ಬಂದಿಲ್ಲವೆಂದಾದರೆ ಕೇಳಲು ಒಬ್ಬ ಮನುಷ್ಯನಾದರೂ ಇದ್ದ. ಈಗ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹಣ ಹೋಗುತ್ತದೆ. ಬೇರೆ ಯಾವುದೋ ಯೋಜನೆಗೆಂದು ತೆರೆದ ಖಾತೆ ಯಾವ ಬ್ಯಾಂಕಿನದೆಂಬುದೇ ಹಲವರಿಗೆ ಗೊತ್ತಿಲ್ಲ. ದುಡಿದು ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ. ಬ್ಯಾಂಕ್ ಪುಸ್ತಕದಲ್ಲಿ ಹನುಮಕ್ಕ, ಆಧಾರ್‌ನಲ್ಲಿ ಹನುಮವ್ವ ಎಂದಿದ್ದರೆ ಹಣ ಅಲ್ಲಿಗೇ ನಿಂತಿತು. ಕಲ್ಯಾಣ ಕರ್ನಾಟಕದಲ್ಲಿ ಇನ್ನೊಂದು ಸಂಗತಿ ಇದೆ. ಮಕ್ಕಳು ಗುಳೆ ಹೋದಾಗ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಮುದುಕರೂ ಬೆಂಗಳೂರಿಗೋ ಗೋವಾಕ್ಕೋ ಹೋಗುತ್ತಾರೆ. ಪರಿಶೀಲನೆಗೆ ಬಂದವರು ಬೀಗ ಕಂಡು ‘ವಿಳಾಸದಲ್ಲಿಲ್ಲ’ ಎಂದು ಬರೆದರೆ ಹಬ್ಬಕ್ಕೆ ಊರಿಗೆ ಬಂದಾಗಲೇ ಅವರಿಗೆ ವಿಷಯ ತಿಳಿಯುವುದು.

ಯಾವ ಮಾಸಾಶನವನ್ನೂ ಕನ್ನಡದಲ್ಲಿ ಲಿಖಿತ ನೋಟಿಸ್ ಕೊಡದೆ, ಅದನ್ನು ಮನೆಗೆ ತಲುಪಿಸದೆ, ಉತ್ತರಕ್ಕೆ 60 ದಿನ ಬಿಡದೆ ನಿಲ್ಲಿಸಬಾರದು. ನಿಲ್ಲಿಸಿದ್ದು ತಪ್ಪೆಂದು ಕಂಡರೆ ಬಾಕಿಯನ್ನು ಪೂರ್ತಿ ಕೊಡಬೇಕು. ಹೊಸ ಅರ್ಜಿಗಳಲ್ಲಿ ಮಂಜೂರಾತಿ ದಿನದ ಬದಲು ಅರ್ಜಿ ಕೊಟ್ಟ ತಿಂಗಳಿನಿಂದಲೇ ಹಣ ಲೆಕ್ಕ ಹಾಕಬೇಕು; ತಡ ಮಾಡಿದವರ ತಡಕ್ಕೆ ಅರ್ಜಿದಾರರು ದಂಡ ತೆರಬಾರದು. ಸಕಾಲ ಕಾಯ್ದೆಯಲ್ಲಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ ನಿಜ. ಆದರೆ ಅದನ್ನು ಕೇಳಿ ಪಡೆಯುವಷ್ಟು ಬಲವಿರುವವರಿಗೆ ಬಹುಶಃ ಮಾಸಾಶನದ ಅಗತ್ಯವೇ ಇರುವುದಿಲ್ಲ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಆಹಾರದ ಹಕ್ಕಿನ ಪ್ರಕರಣದಲ್ಲಿ ವೃದ್ಧಾಪ್ಯ ವೇತನವನ್ನು ಪ್ರತಿ ತಿಂಗಳ 7ನೇ ತಾರೀಕಿನೊಳಗೆ ಕೊಡುವಂತೆ ರಾಜ್ಯಗಳಿಗೆ ಆದೇಶಿಸಿತ್ತು. ಎಲ್ಲ ಮಾಸಾಶನಗಳಿಗೂ ಅದೇ ದಿನವನ್ನು ಗೊತ್ತುಪಡಿಸಬೇಕು.

ಮೊತ್ತ ಮತ್ತು ಕೇಂದ್ರದ ಪಾಲು

ಕೇಂದ್ರದ ವೃದ್ಧಾಪ್ಯ ವೇತನ 1995ರಲ್ಲಿ 75 ರೂಪಾಯಿ ಇದ್ದು, 2006ರಲ್ಲಿ 200 ಆಯಿತು. 80 ದಾಟಿದವರಿಗೆ 2011ರಿಂದ 500. ಉಳಿದವರಿಗೆ ಇಂದಿಗೂ 200 ರೂಪಾಯಿಯೇ. ಮೇಲಿನದೆಲ್ಲ ರಾಜ್ಯದ ಹೊರೆ. ವೃದ್ಧರ ಮಾಸಾಶನ ಯೋಜನೆಗಳನ್ನು ಮರುಪರಿಶೀಲಿಸುವ ಅಗತ್ಯವನ್ನು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಅಶ್ವನಿ ಕುಮಾರ್ ಪ್ರಕರಣದ ತೀರ್ಪಿನಲ್ಲಿ ಹೇಳಿದ್ದರೂ ಅಂಕಿ ಕದಲಿಲ್ಲ. ರಾಜ್ಯ ಸರ್ಕಾರ ಸಚಿವ ಸಂಪುಟದ ನಿರ್ಣಯದ ಮೂಲಕ ಕೇಂದ್ರವನ್ನು ಒತ್ತಾಯಿಸಬೇಕು.

ಕೇಂದ್ರ ಕೊಡುವವರೆಗೆ ರಾಜ್ಯ ಕಾಯಬೇಕಾಗಿಲ್ಲ ಎಂಬುದಕ್ಕೆ ನೆರೆಯ ಉದಾಹರಣೆ ಸಾಕು. ಆಂಧ್ರಪ್ರದೇಶ 2024ರ ಜುಲೈನಿಂದ ವೃದ್ಧರಿಗೆ 4,000, ವಿಕಲಚೇತನರಿಗೆ 6,000 ರೂಪಾಯಿ ಕೊಡುತ್ತಿದೆ. ಮೂರು ಕಡೆ ಆಂಧ್ರ ಸುತ್ತುವರಿದಿರುವ ಪಾವಗಡದಲ್ಲಿ ಈ ಹೋಲಿಕೆ ಸಂತೆಯ ಮಾತು: ಗಡಿಯಾಚೆಗೆ ಮದುವೆಯಾಗಿ ಹೋದ ಅಕ್ಕನಿಗೆ 4,000, ಇಲ್ಲೇ ಉಳಿದ ತಂಗಿಗೆ 1,200. ಎರಡು ರಾಜ್ಯಗಳ ಬೊಕ್ಕಸ ಒಂದೇ ಅಲ್ಲವೆಂದು ಒಪ್ಪಿದರೂ ಮೂರು ಪಟ್ಟಿಗಿಂತ ಹೆಚ್ಚಿನ ಅಂತರಕ್ಕೆ ಅದೊಂದೇ ಉತ್ತರವಾಗದು. ವೃದ್ಧಾಪ್ಯ ವೇತನವನ್ನು ಮೊದಲ ಹಂತದಲ್ಲಿ 2,000ಕ್ಕೆ, ಅದರೊಂದಿಗೆ ಅಂಗವಿಕಲ ವೇತನವನ್ನು 2,500ಕ್ಕೆ ಏರಿಸಿ, ನೌಕರರ ತುಟ್ಟಿಭತ್ಯೆಯಂತೆ ವರ್ಷಕ್ಕೊಮ್ಮೆ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಪರಿಷ್ಕರಿಸಬೇಕು.

ಕೊನೆಯದಾಗಿ, ಅರ್ಜಿ ತಿರಸ್ಕಾರವಾದಾಗ ಕಾರಣ ಬರೆದುಕೊಡುವುದು ಕಡ್ಡಾಯವಾಗಬೇಕು. ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗಬೇಕು. ಪಿಂಚಣಿ ಅದಾಲತ್ ಪ್ರತಿ ಹೋಬಳಿಯಲ್ಲಿ ಮೂರು ತಿಂಗಳಿಗೊಮ್ಮೆ ಗೊತ್ತಾದ ದಿನ ನಡೆಯಬೇಕು, ತೀರ್ಮಾನವನ್ನು ಅಲ್ಲೇ ಓದಿ ಹೇಳಬೇಕು. 24ನೇ ಕಲಮಿಗೆ ಸಂಬಂಧಿಸಿದ ಭಾಗದ ಪ್ರತಿಯನ್ನು ರಾಜ್ಯ ವಿಕಲಚೇತನರ ಆಯುಕ್ತರಿಗೂ ಸಲ್ಲಿಸಲಾಗಿದೆ. ಆ ಬೇಡಿಕೆಯ ಮೇಲೆ ಇಲಾಖೆ ಕೈಗೊಂಡ ಕ್ರಮವನ್ನು ಮುಂದಿನ ಬಜೆಟ್ ಅಧಿವೇಶನಕ್ಕೆ ಮೊದಲು ಲಿಖಿತವಾಗಿ ತಿಳಿಸಬೇಕೆಂದು ಕೋರಲಾಗಿದೆ.