ತೂಕ ಸರಿಯಿದೆ, ಸೊಂಟದ ಸುತ್ತಳತೆ ಎಷ್ಟು?

ಮೈಯಲ್ಲಿರುವ ಕೊಬ್ಬು ಶೇಕಡಾ ಎಷ್ಟೆಂದು ತೋರಿಸುವ ತೂಕದ ಯಂತ್ರಗಳು ಈಗ ಅನೇಕ ಮನೆಗಳಲ್ಲಿವೆ. ಬೆಳಿಗ್ಗೆ 29 ಎಂದ ಯಂತ್ರ ಸಂಜೆ 27 ಎನ್ನುತ್ತದೆ. ಅರ್ಧ ದಿನದಲ್ಲಿ ಅಷ್ಟು ಕೊಬ್ಬು ಕರಗಿತೆ? ಖಂಡಿತ ಇಲ್ಲ.

ಈ ಯಂತ್ರ ಕೊಬ್ಬನ್ನು ನೇರವಾಗಿ ಅಳೆಯುವುದಿಲ್ಲ. ಒಂದು ಪಾದದಿಂದ ಇನ್ನೊಂದು ಪಾದಕ್ಕೆ ಅತಿ ಸಣ್ಣ ವಿದ್ಯುತ್ತನ್ನು ಹರಿಸುತ್ತದೆ. ನೀರಿನ ಅಂಶ ಹೆಚ್ಚಿರುವ ಸ್ನಾಯುವಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ, ಕೊಬ್ಬು ಅದನ್ನು ತಡೆಯುತ್ತದೆ. ಆ ತಡೆಯ ಜೊತೆಗೆ ನಿಮ್ಮ ವಯಸ್ಸು, ಎತ್ತರ ಸೇರಿಸಿ ಯಂತ್ರ ಅಂದಾಜು ಹಾಕುತ್ತದೆ. ಬೆವರಿದರೆ, ನೀರು ಕುಡಿದರೆ, ಊಟ ಮಾಡಿದರೆ ಅಂದಾಜು ಬದಲಾಗುತ್ತದೆ. ಯಂತ್ರ ಕೊಂಡಾಗಿದ್ದರೆ ವಾರಕ್ಕೊಮ್ಮೆ, ಬೆಳಿಗ್ಗೆ ಶೌಚ ಮುಗಿಸಿ ಬರಿಹೊಟ್ಟೆಯಲ್ಲಿ ನಿಲ್ಲಿ; ಎರಡು ಮೂರು ತಿಂಗಳ ಏರಿಳಿತವನ್ನಷ್ಟೇ ನೋಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇದನ್ನು ಹತ್ತಲೇಬಾರದು.

ನನ್ನನ್ನು ಕೇಳಿದರೆ, ಮನೆಗೆ ದರ್ಜಿಯ ಟೇಪು ಸಾಕು. ನಮ್ಮವರ ತೊಂದರೆ ಇರುವುದು ಹೊಟ್ಟೆಯಲ್ಲಿ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಚಿತ್ರ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿ.ಎಂ.ಐ., ಇಬ್ಬರದೂ 22.3. ಆದರೆ ಕೊಬ್ಬು ಯುಡ್ಕಿನ್ನರಿಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2! 'ನಮ್ಮ ಹುಡುಗ ಸಣಕಲ, ಅವನಿಗೆಲ್ಲಿಯ ಸಕ್ಕರೆ ಕಾಯಿಲೆ' ಎನ್ನುವ ಹಿರಿಯರು ಇದನ್ನು ಗಮನಿಸಬೇಕು. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮುಂದೆ ಬಂದಿರುವವರಿಗೇ ಮಧುಮೇಹದ ಭಯ ಹೆಚ್ಚು.

ಅಳೆಯುವುದು ಹೀಗೆ. ಪಕ್ಕೆಯಲ್ಲಿ ಕೊನೆಯ ಪಕ್ಕೆಲುಬನ್ನೂ ಸೊಂಟದ ಮೂಳೆಯ ಮೇಲಂಚನ್ನೂ ಬೆರಳಿನಿಂದ ಗುರುತಿಸಿ. ಇವೆರಡರ ನಡುವಿನ ಮಟ್ಟದಲ್ಲಿ, ಬಟ್ಟೆಯ ಮೇಲಲ್ಲ, ಬರಿ ಮೈಮೇಲೆ ಟೇಪು ಸುತ್ತಿ. ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಿ. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ಹೋಗುವವರು ನೀವೇ. ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಗರ್ಭಿಣಿಯರಿಗೂ ಮಕ್ಕಳಿಗೂ ಈ ಮಿತಿ ಅನ್ವಯಿಸುವುದಿಲ್ಲ.

ಪ್ಯಾಂಟಿನ ಅಳತೆಯನ್ನು ನಂಬಬೇಡಿ. 'ಹತ್ತು ವರ್ಷದಿಂದ 34ರ ಪ್ಯಾಂಟೇ' ಎಂದು ಬೀಗುವ ಯಜಮಾನರ ಪ್ಯಾಂಟು ಹೊಟ್ಟೆಯ ಕೆಳಕ್ಕೆ ಜಾರಿರುತ್ತದೆ, ಅಷ್ಟೆ. ಇನ್ನು ನೈಟಿ ಎಷ್ಟು ಬೊಜ್ಜನ್ನಾದರೂ ಮುಚ್ಚಿಡುತ್ತದೆ.

ತಿಂಗಳಿಗೊಮ್ಮೆ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಸಾಕು. ನಡಿಗೆ, ವ್ಯಾಯಾಮ ಆರಂಭಿಸಿದವರಲ್ಲಿ ತೂಕ ಇಳಿಯದೆಯೂ ಸುತ್ತಳತೆ ಇಳಿಯಬಹುದು, ನಿರಾಶರಾಗಿ ಬಿಡಬೇಡಿ. ಇದರ ತದ್ವಿರುದ್ಧವೂ ಉಂಟು. ನಲವತ್ತು ದಾಟಿದವರಲ್ಲಿ ಸ್ನಾಯು ಸವೆದು ಆ ಜಾಗದಲ್ಲಿ ಕೊಬ್ಬು ಸೇರಿದರೆ ತೂಕ ಇದ್ದಷ್ಟೇ ಇದ್ದು ಸೊಂಟ ದಪ್ಪವಾಗುತ್ತದೆ. ಹಾಗಾದಾಗ ಬರಿಹೊಟ್ಟೆಯಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿ, ಅಂದೇ ಬಿ.ಪಿ.ಯನ್ನೂ ನೋಡಿಸಿ.